ಬೈಲಕುಪ್ಪೆಯ ನೆರೆಮನೆ ಖಾಲಿಯಾಗುತ್ತಿದೆ

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿಯಿತು, ಮೈಸೂರು ಜಿಲ್ಲೆ ಶುರು. ಕೊಪ್ಪದ ಹತ್ತಿರ ಬಲಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಬಾವುಟಗಳು ಕಾಣಿಸುತ್ತವೆ. ಅದೇ ಬೈಲಕುಪ್ಪೆ, ಟಿಬೆಟ್‌ನಿಂದ ಬಂದ ನಿರಾಶ್ರಿತರ ವಸಾಹತು. ವೀಕೆಂಡ್‌ಗೆ ಬೆಂಗಳೂರಿನಿಂದ ಬರುವವರಿಗೆ ಈ ಜಾಗ ಗೋಲ್ಡನ್ ಟೆಂಪಲ್. ಸುತ್ತಮುತ್ತಲ ಊರಿನವರಿಗೆ ಅದು ಕ್ಯಾಂಪ್. ‘ಅವಳು ಕ್ಯಾಂಪ್‌ಗೆ ಕೆಲಸಕ್ಕೆ ಹೋಗಿದಾಳೆ’, ‘ನಾಲ್ಕನೇ ಕ್ಯಾಂಪ್ ಹತ್ರ ಸಿಗು’ ಅಂತ ಇವತ್ತಿಗೂ ಮಾತು. ಟೆಂಟುಗಳು ಹೋಗಿ ಎಷ್ಟೋ ಕಾಲವಾಯಿತು. ತಾರಸಿ ಮನೆಗಳು ಬಂದವು, ಮನೆ ಮುಂದೆ ಕಾರು ಬಂತು. ಹೆಸರು ಮಾತ್ರ ಕ್ಯಾಂಪೇ.

ಕ್ಯಾಂಪ್ ಅಂದರೆ ಇವತ್ತಲ್ಲ ನಾಳೆ ಕಿತ್ತುಕೊಂಡು ಹೋಗುವಂಥದ್ದು ಅಲ್ವಾ. ಅಲ್ಲಿಗೆ ಬಂದ ಟಿಬೆಟಿಯನ್ನರು ಹಾಗೇ ಅಂದುಕೊಂಡಿದ್ದರು. ಜಾಗ ಕೊಟ್ಟ ಸರ್ಕಾರವೂ, ಪಕ್ಕದ ಊರಿನವರೂ ಹಾಗೇ ಅಂದುಕೊಂಡಿದ್ದರು. ಅರವತ್ತೈದು ವರ್ಷ ಕಳೆದಿದೆ. ಈಗ ಆ ಜನ ನಿಜಕ್ಕೂ ಹೊರಟಿದ್ದಾರೆ. ಹೋಗುತ್ತಿರುವುದು ಟಿಬೆಟ್‌ಗಲ್ಲ, ಕೆನಡಾ, ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾಕ್ಕೆ.

ಎರಡು ಸಮುದಾಯಗಳ ನಡುವೆ ಸೇತುವೆ ಕಟ್ಟೋದು ಹೇಗೆ ಅಂತ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಸೌಹಾರ್ದ ಕೂಟ, ಪರಸ್ಪರರ ಹಬ್ಬಕ್ಕೆ ಶುಭಾಶಯ, ವೇದಿಕೆ ಮೇಲೆ ಎರಡೂ ಕಡೆಯ ಡ್ಯಾನ್ಸ್. ಇವು ಬೇಡ ಅಂತಲ್ಲ. ಆದರೆ ಬೈಲಕುಪ್ಪೆಯನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ನನಗನ್ನಿಸುವುದು ಬೇರೆ. ಇಲ್ಲಿ ಎರಡು ದಡಗಳನ್ನು ಸೇರಿಸಿದ್ದು ಜೋಳ, ಸ್ವೆಟರ್, ಕೂಲಿ. ಅಡ್ಡ ನಿಂತದ್ದು ಧರ್ಮವೂ ಅಲ್ಲ, ಊಟವೂ ಅಲ್ಲ, ಕಾಗದ ಪತ್ರ.

ಮೊದಲಿಂದ ಹೇಳುತ್ತೇನೆ. 1959ರ ಮಾರ್ಚ್ 17ರ ರಾತ್ರಿ ಟಿಬೆಟ್‌ನ ಧರ್ಮಗುರು ದಲೈ ಲಾಮಾ ಚೀನಾದ ಹಿಡಿತಕ್ಕೆ ಸಿಕ್ಕ ರಾಜಧಾನಿ ಲ್ಹಾಸಾ ಬಿಟ್ಟರು. ಎರಡು ವಾರ ಬೆಟ್ಟ ಹತ್ತಿಳಿದು ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಬಂದವರಲ್ಲಿ ಬಹಳಷ್ಟು ಜನ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಕೂಲಿಗಳಾದರು. ಇವರಿಗೆ ಎಲ್ಲಾದರೂ ಒಂದು ಕಡೆ ಒಟ್ಟಾಗಿ ಇರಲು ಜಮೀನು ಕೊಡಿ ಅಂತ ನೆಹರೂ ರಾಜ್ಯಗಳನ್ನು ಕೇಳಿದರು. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಬಿಟ್ಟುಕೊಟ್ಟಿತು. 1960ರ ಕೊನೆಗೆ ಮೊದಲ ತಂಡಗಳು ಬಂದಿಳಿದವು. ಬಿದಿರಿನ ಗುಡಿಸಲು, ಬಟ್ಟೆ ಟೆಂಟು, ಆನೆ ಕಾಟ. ಹಿಮದ ನಾಡಿನ ಮೈಗೆ ಇಲ್ಲಿನ ಸೆಕೆ, ಮಳೆ, ಸೊಳ್ಳೆ ಹೊಸದು. ಕಾಡು ಕಡಿದು ಹೊಲ ಮಾಡುವುದರಲ್ಲೇ ಮೊದಲ ವರ್ಷಗಳು ಕಳೆದವು.

ಈ ಜಮೀನಿನ ಪುಣ್ಯವನ್ನು ಟಿಬೆಟಿಯನ್ನರು ಎಸ್. ನಿಜಲಿಂಗಪ್ಪನವರ ಹೆಸರಿಗೆ ಬರೆದಿದ್ದಾರೆ. ಇವತ್ತಿಗೂ ಅವರ ಹೆಸರು ಹೇಳಿದರೆ ಹಳಬರು ಕೈ ಮುಗಿಯುತ್ತಾರೆ. ಲೆಕ್ಕ ಹಾಕಿದರೆ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ ಎರಡನೇ ಸಲ ಬಂದದ್ದು 1962ರಲ್ಲಿ, ಮುಂಡಗೋಡದ ವಸಾಹತು ಆದದ್ದು ಅವರ ಕಾಲದಲ್ಲಿ, 1966ರಲ್ಲಿ. ಪಾಪ, ಜತ್ತಿಯವರನ್ನು ಯಾರೂ ನೆನೆಯುವುದಿಲ್ಲ. ಮುಂದೆ ಬೈಲಕುಪ್ಪೆಯಲ್ಲೇ ಇನ್ನೊಂದು ವಸಾಹತು, ಹುಣಸೂರಿನ ಗುರುಪುರದಲ್ಲಿ ಒಂದು, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯದಲ್ಲಿ ಒಂದು ಸೇರಿ ಕರ್ನಾಟಕದಲ್ಲಿ ಒಟ್ಟು ಐದಾದವು. ದೇಶದಲ್ಲಿ ಬೇರೆ ಯಾವ ರಾಜ್ಯವೂ ಇವರಿಗೆ ಇಷ್ಟು ಜಮೀನು ಕೊಟ್ಟಿಲ್ಲ. 2018ರ ಆಗಸ್ಟ್‌ನಲ್ಲಿ ದಲೈ ಲಾಮಾ ಬೆಂಗಳೂರಿಗೆ ಬಂದು ‘ಥ್ಯಾಂಕ್ಯೂ ಕರ್ನಾಟಕ’ ಅನ್ನುವ ಕಾರ್ಯಕ್ರಮದಲ್ಲೇ ಕೃತಜ್ಞತೆ ಹೇಳಿದರು.

ಕರ್ನಾಟಕವೇನೋ ಜಮೀನು ಕೊಟ್ಟಿತು. ಆದರೆ ಈ ವಸಾಹತುಗಳನ್ನು ಬೇಕೆಂದೇ ಬೇರೆಯಾಗಿ ಇಟ್ಟರು. ದಲೈ ಲಾಮಾ ಕೇಳಿದ್ದೂ ಅದನ್ನೇ, ನೆಹರೂ ಒಪ್ಪಿದ್ದೂ ಅದನ್ನೇ. ನಮ್ಮ ಜನ ಚದುರಿದರೆ ಒಂದೇ ತಲೆಮಾರಿನಲ್ಲಿ ಭಾಷೆ, ಧರ್ಮ ಎಲ್ಲ ಕರಗಿ ಹೋಗುತ್ತದೆ, ಒಟ್ಟಿಗೆ ಇಡಿ ಅಂತ. 1961ರಲ್ಲಿ ಟಿಬೆಟಿಯನ್ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ ಬೇರೆ ಶಾಲಾ ಆಡಳಿತ ಮಾಡಿತು. ವಸಾಹತಿಗೆ ಅದರದ್ದೇ ಸಹಕಾರ ಸಂಘ, ಅದರದ್ದೇ ಕಚೇರಿ, ಅದರದ್ದೇ ಆಸ್ಪತ್ರೆ, ಅದರದ್ದೇ ಮಠ. ಲ್ಹಾಸಾದ ಹತ್ತಿರ ಸಾವಿರಾರು ಭಿಕ್ಷುಗಳಿದ್ದ ಸೆರಾ ಮಠ ಬೈಲಕುಪ್ಪೆಯಲ್ಲಿ ಮತ್ತೆ ಎದ್ದು ನಿಂತಿತು. ಡ್ರೆಪುಂಗ್, ಗಾಂಡೆನ್ ಮಠಗಳು ಮುಂಡಗೋಡಕ್ಕೆ ಬಂದವು. ಪೆನೊರ್ ರಿನ್‌ಪೋಚೆ 1963ರಲ್ಲಿ ಬಿದಿರಿನ ಗುಡಿಯಲ್ಲಿ ಶುರು ಮಾಡಿದ ನಮ್‌ಡ್ರೋಲಿಂಗ್ ಮಠದ ಆವರಣದಲ್ಲೇ 1999ರಲ್ಲಿ ಈಗ ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುವ ಗೋಲ್ಡನ್ ಟೆಂಪಲ್ ತೆರೆದದ್ದು.

ಹೀಗೆ ಬೇರೆಯಾಗಿ ಇಟ್ಟದ್ದರಿಂದ ಅವರ ಸಂಸ್ಕೃತಿ ಉಳಿಯಿತು. ಟಿಬೆಟ್‌ನಲ್ಲಿ ಕಲಿಸಲಾಗದ ಎಷ್ಟೋ ವಿಷಯಗಳನ್ನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಲಿಸುತ್ತಾರೆ. ಇದು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಒಂದು ಬೆಲೆಯನ್ನೂ ತೆತ್ತರು. ಶಾಲೆಯಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿ. ಬಹಳ ಕಾಲ ಕನ್ನಡಕ್ಕೆ ಅಲ್ಲಿ ಜಾಗ ಇರಲಿಲ್ಲ. ಪಕ್ಕದ ಊರಿನ ಮಕ್ಕಳು ಸರ್ಕಾರಿ ಕನ್ನಡ ಶಾಲೆಗೆ, ಇವರು ತಮ್ಮ ಶಾಲೆಗೆ. ಒಂದೇ ಬೆಂಚಿನಲ್ಲಿ ಕೂರದೆ ಎರಡು ಮೂರು ತಲೆಮಾರು ಬೆಳೆದವು.

ಹಾಗಾದರೆ ಕನ್ನಡ ಎಲ್ಲಿ ಕಲಿತರು? ಹೊಲದಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ.

ಒಂದನೇ ಕ್ಯಾಂಪ್ ಕಡೆ ಒಬ್ಬ ಹಿರಿಯರ ಅಂಗಡಿ ಇತ್ತು. ಎಂಬತ್ತರ ಮೇಲಿನ ವಯಸ್ಸು. ಯಾರು ಹೋದರೂ ‘ಬಾ, ಕೂತ್ಕೋ, ಏನ್ ಬೇಕು ನಿಂಗೆ?’ ಅನ್ನುತ್ತಿದ್ದರು. ಬ್ಯಾಂಕ್ ಮ್ಯಾನೇಜರ್ ಬಂದರೂ ಅದೇ, ಪೊಲೀಸ್ ಬಂದರೂ ಅದೇ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂದು ದಿನ ಅವರು ತಮ್ಮ ಪಕ್ಕದ ಮನೆಯವರ ಜೊತೆ ಟಿಬೆಟನ್‌ನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಕೂತಿದ್ದೆ. ಪ್ರತಿ ಹೆಸರಿನ ಕೊನೆಗೂ ಒಂದು ‘ಲಾ’. ಅಮ್ಮನಿಗೆ ಅಮಾ-ಲಾ, ಅಪ್ಪನಿಗೆ ಪಾ-ಲಾ. ನಮ್ಮ ‘ಅವರೇ’ ಇದ್ದ ಹಾಗೆ. ಆ ಭಾಷೆಯಲ್ಲಿ ದೊಡ್ಡವರ ಕೈಗೆ ಒಂದು ಪದ, ನಮ್ಮ ಕೈಗೆ ಒಂದು ಪದ. ಅವರು ಊಟ ಮಾಡಿದರೆ ಒಂದು ಕ್ರಿಯಾಪದ, ನಾವು ಮಾಡಿದರೆ ಇನ್ನೊಂದು. ಮರ್ಯಾದೆಯ ಇಷ್ಟು ಸೂಕ್ಷ್ಮ ಗೊತ್ತಿರುವ ಮನುಷ್ಯ ಕನ್ನಡದಲ್ಲಿ ಎಲ್ಲರಿಗೂ ‘ಬಾ, ಹೋಗು’ ಅನ್ನುವುದು ಯಾಕೆ?

ಉತ್ತರ ಸರಳ. ಅವರನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿಯೇ ಇರಲಿಲ್ಲ. ಕಾಡು ಕಡಿಯುವಾಗ ಮೇಸ್ತ್ರಿ, ಲಾರಿ ಡ್ರೈವರ್, ಸಂತೆ ವ್ಯಾಪಾರಿ ಎಲ್ಲರೂ ಇವರನ್ನು ‘ಏಯ್, ಬಾ ಇಲ್ಲಿ’ ಅಂತಲೇ ಕರೆದರು. ಕಿವಿಗೆ ಬಿದ್ದ ಕನ್ನಡವನ್ನು ಅವರು ಹಾಗೇ ತಿರುಗಿ ಕೊಟ್ಟರು. ನಾವು ಅವರ ಕನ್ನಡ ಕೇಳಿ ನಗುವಾಗ ನಗುತ್ತಿದ್ದದ್ದು ನಮ್ಮ ಮಾತಿಗೇ.

ಇನ್ನೊಂದು ದಿಕ್ಕಿನಿಂದಲೂ ಭಾಷೆ ದಾಟಿದೆ, ಅದನ್ನು ಯಾರೂ ಬರೆಯುವುದಿಲ್ಲ. ಕ್ಯಾಂಪ್‌ನ ಮನೆಗಳಲ್ಲಿ, ಹೊಲಗಳಲ್ಲಿ ಕೆಲಸಕ್ಕೆ ಹೋಗುವ ಸುತ್ತಲ ಊರಿನ ಹೆಂಗಸರು, ಟ್ರ್ಯಾಕ್ಟರ್ ಓಡಿಸುವವರು, ಆಟೋದವರು ಟಿಬೆಟನ್ ಮಾತಾಡುತ್ತಾರೆ. ಪದವಿ ಓದಿದ ನಮ್ಮಂಥವರಿಗೆ ‘ತಾಶಿ ದೆಲೆ’ ಅನ್ನುವ ನಮಸ್ಕಾರ ಬಿಟ್ಟು ಮುಂದೆ ಒಂದು ಪದ ಬರುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಆ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ, ಜಗಳವಾಡುತ್ತಾರೆ, ಮಕ್ಕಳನ್ನು ಮಲಗಿಸುತ್ತಾರೆ. ಕೂಲಿಗೆ ಹೋದವರು ಧಣಿಗಳ ಭಾಷೆ ಕಲಿತರು, ಕ್ಯಾಂಪ್‌ನವರು ಗಿರಾಕಿಗಳ ಭಾಷೆ ಕಲಿತರು. ಯಾವ ಅಕಾಡೆಮಿಯೂ ಇದಕ್ಕೆ ಪ್ರಶಸ್ತಿ ಕೊಡಲಿಲ್ಲ.

ಸ್ವೆಟರ್ ವಿಷಯಕ್ಕೆ ಬರೋಣ, ಯಾಕೆಂದರೆ ಕರ್ನಾಟಕದ ಬಹುಪಾಲು ಜನ ಟಿಬೆಟಿಯನ್ನರನ್ನು ಕಂಡದ್ದು ಅಲ್ಲೇ. ಮೊದಲು ಕೊಟ್ಟದ್ದು ತಲೆಗೆ ಹೆಚ್ಚುಕಡಿಮೆ ಒಂದು ಎಕರೆ ಲೆಕ್ಕ. ಮಳೆ ನಂಬಿದ ಜೋಳದ ಹೊಲ. ಮಕ್ಕಳು ಮೊಮ್ಮಕ್ಕಳು ಹುಟ್ಟಿದರು, ಜಮೀನು ಹುಟ್ಟಲಿಲ್ಲ. ಜೋಳ ಕಟಾವಾದ ಮೇಲೆ ಚಳಿಗಾಲಕ್ಕೆ ಬೇರೆ ದುಡಿಮೆ ಬೇಕಿತ್ತು. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸ್ವೆಟರ್ ತಂದು ಊರೂರಿನಲ್ಲಿ ಮಾರುವುದು ಶುರುವಾಯಿತು. ಅರ್ಧ ಮಾಲು ಸಾಲದಲ್ಲೇ. ಸೀಸನ್ ಮುಗಿದ ಮೇಲೆ ದುಡ್ಡು. ಹುಬ್ಬಳ್ಳಿ, ದಾವಣಗೆರೆ, ಮೈಸೂರು, ಬೆಂಗಳೂರು, ಎಲ್ಲ ಕಡೆ ದಸರಾ ಮುಗಿದ ಮೇಲೆ ಸಾಲು ಅಂಗಡಿ. ನಾವು ಅವರನ್ನು ‘ನೇಪಾಳದೋರು’ ಅಂತ ಕರೆದು ಸುಮ್ನೆ ಇದ್ದೆವು. ಮೂಗು, ಕಣ್ಣು ನೋಡಿ ಒಂದು ಹೆಸರು ಇಟ್ಟರೆ ಆಯಿತು, ಅದು ಸರಿಯೋ ತಪ್ಪೋ ಯಾರಿಗೆ ಬೇಕು? ಅವರೂ ತಿದ್ದುತ್ತಿರಲಿಲ್ಲ. ಸ್ವೆಟರ್ ಮಾರುವ ಹೊತ್ತಿನಲ್ಲಿ ಭೂಗೋಳ ಪಾಠ ಯಾರು ಮಾಡುತ್ತಾರೆ?

ಈ ವ್ಯಾಪಾರದಿಂದ ಆದ ಒಂದು ಉಪಕಾರ ಅಂದರೆ, ಕ್ಯಾಂಪ್‌ನ ಹೆಂಗಸರು ವರ್ಷಕ್ಕೆ ಮೂರು ನಾಲ್ಕು ತಿಂಗಳು ಕ್ಯಾಂಪ್‌ನ ಹೊರಗೆ ಕನ್ನಡ ಊರುಗಳಲ್ಲಿ ಬಾಡಿಗೆ ರೂಮು ಮಾಡಿ ಬದುಕಿದರು. ಪಕ್ಕದ ಮನೆಯಿಂದ ಸಾರು ಬಂತು. ಮನೆ ಮಾಲೀಕರ ಮಗಳ ಮದುವೆಗೆ ಹೋಗಿ ಬಂದರು. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿದವರ ಕನ್ನಡದಲ್ಲಿ ‘ಹೌದ್ರಿ’ ಇರುತ್ತದೆ, ಮೈಸೂರಿನವರ ಕನ್ನಡದಲ್ಲಿ ಇರುವುದಿಲ್ಲ. ಬೇಕಾದರೆ ಕೇಳಿ ನೋಡಿ. ಆ ‘ರಿ’ ಕೂಡ ಅಲ್ಲಿಯ ಗಿರಾಕಿಗಳು ಇವರಿಗೆ ‘ಎಷ್ಟ್ರಿ ಇದು?’ ಅಂತ ಕೇಳಿ ಕೇಳಿ ಬಂದದ್ದು.

ನಮ್ಮ ಕಡೆಗೆ ಬಂದದ್ದೂ ಇದೆ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗಾಗಿ ಮೈರಾಡ ಅನ್ನುವ ಸಂಸ್ಥೆ ಹುಟ್ಟಿತು. ಹೊಲ ಹಸನು ಮಾಡುವುದು, ನೀರು, ಸಹಕಾರ ಸಂಘ ಇವೆಲ್ಲ ಅದರ ಕೆಲಸ. ವಸಾಹತುಗಳು ಕಾಲ ಮೇಲೆ ನಿಂತ ಮೇಲೆ ಆ ಸಂಸ್ಥೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಗಳ ಬಡವರ ಕಡೆ ತಿರುಗಿತು. ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು ಹೋಗುತ್ತಿದ್ದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ತಾವೇ ಉಳಿತಾಯ ಮಾಡಿ, ತಾವೇ ಸಾಲ ಕೊಡುವ ಪದ್ಧತಿಯನ್ನು 1984-85ರ ಹೊತ್ತಿಗೆ ಬೆಳೆಸಿತು. ಗ್ರಾಮೀಣ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದನ್ನು ಕಂಡಿತು, ಹಣ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ಇವತ್ತು ನಮ್ಮ ಊರುಗಳ ಹೆಂಗಸರು ವಾರಕ್ಕೊಮ್ಮೆ ಸಂಘ ಅಂತ ಕೂತು ಪುಸ್ತಕಕ್ಕೆ ಸಹಿ ಮಾಡುತ್ತಾರಲ್ಲ, ಆ ಮರದ ಒಂದು ಬೇರು ಟಿಬೆಟಿಯನ್ ಕ್ಯಾಂಪಿಗೆ ಬಂದು ಕೆಲಸ ಕಲಿತ ಸಂಸ್ಥೆಯಲ್ಲಿದೆ. ಅದೊಂದೇ ಬೇರು ಅಂತ ನಾನು ಹೇಳುತ್ತಿಲ್ಲ. ಆದರೆ ‘ಅವರಿಗೆ ಕೊಟ್ಟೆವು’ ಅಂತ ಮಾತ್ರ ಲೆಕ್ಕ ಬರೆದುಕೊಂಡವರು ಈ ಸಾಲನ್ನೂ ಬರೆದುಕೊಳ್ಳಬೇಕು.

ಹಾಗಂತ ಎಲ್ಲ ಚೆನ್ನಾಗೇ ಇದೆ ಅಂತ ಬರೆದರೆ ಸುಳ್ಳಾಗುತ್ತದೆ. ಪಕ್ಕದ ಊರುಗಳಲ್ಲಿ ಒಳಗೊಳಗೇ ಒಂದು ಮುನಿಸು ಇದೆ. ‘ಬರಿಗೈಲಿ ಬಂದೋರು ಇವತ್ತು ಧಣಿಗಳು, ನಾವು ಅವರ ಹೊಲದಲ್ಲಿ ಕೂಲಿ.’ ಈ ಮಾತು ಚಹಾ ಅಂಗಡಿಯಲ್ಲಿ ಜಾಸ್ತಿ ಹೊತ್ತು ಕೂತರೆ ಬಂದೇ ಬರುತ್ತದೆ. ಪೂರ್ತಿ ಸುಳ್ಳಲ್ಲ. ಹೊರದೇಶದ ದಾನಿಗಳ ದುಡ್ಡು, ವಿದೇಶದಲ್ಲಿರುವ ಮಕ್ಕಳ ದುಡ್ಡು ಕ್ಯಾಂಪಿಗೆ ಬಂತು, ಸುತ್ತಲ ಊರಿಗೆ ಬರಲಿಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕಾಸಿಲ್ಲದೆ ಒಂಟಿಯಾಗಿ ಕ್ಯಾಂಪಿನ ವೃದ್ಧಾಶ್ರಮದಲ್ಲಿ ಮಣಿ ಎಣಿಸುತ್ತಿರುವ ಮುದುಕರನ್ನು ಚಹಾ ಅಂಗಡಿಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲೂ ಬಾಯಿ ಜಗಳ, ಬೈಕ್ ತಾಗಿಸಿದ ಗಲಾಟೆ ಆಗಿವೆ. ಆದರೂ ದಲೈ ಲಾಮಾ ಇರುವ ಹಿಮಾಚಲದ ಧರ್ಮಶಾಲಾದಲ್ಲಿ 1994ರಲ್ಲಿ ಸ್ಥಳೀಯರಿಗೂ ಟಿಬೆಟಿಯನ್ನರಿಗೂ ಆದ ಹಾಗೆ ದೊಡ್ಡ ಹೊಡೆದಾಟ ಇಲ್ಲಿ ಆಗಿಲ್ಲ. ಕಾರಣ ನಮ್ಮ ದೊಡ್ಡ ಮನಸ್ಸು ಅಂತ ಹೇಳಿಕೊಳ್ಳಲು ಆಸೆಯಾಗುತ್ತದೆ. ನನಗೆ ಅನ್ನಿಸುವ ಕಾರಣ, ಇಲ್ಲಿ ಒಬ್ಬರಿಗೊಬ್ಬರು ಬೇಕಿತ್ತು. ಅವರಿಗೆ ಕೂಲಿಯವರು ಬೇಕು, ಇವರಿಗೆ ಕೂಲಿ ಬೇಕು. ಮಠಕ್ಕೆ ತರಕಾರಿ, ಅಕ್ಕಿ ಬೇಕು, ಕುಶಾಲನಗರದ ಅಂಗಡಿಗೆ ಆ ಗಿರಾಕಿ ಬೇಕು.

ಈ ಲೆಕ್ಕದಿಂದ ಪೂರ್ತಿ ಹೊರಗೆ ಉಳಿದವರೂ ಇದ್ದಾರೆ. ಜೇನುಕುರುಬರು ಮತ್ತು ಆ ಕಾಡಿನ ಇತರ ಆದಿವಾಸಿಗಳು. ಗುರುಪುರದ ಟಿಬೆಟಿಯನ್ ವಸಾಹತಿನಿಂದ ನಾಗರಹೊಳೆ ದೂರವಿಲ್ಲ. ಆ ಕಾಡಿನಿಂದ ಹೊರಬಿದ್ದ ಕುಟುಂಬಗಳು 3,418 ಅಂತ ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ಲೆಕ್ಕ ಕೊಟ್ಟು ಹತ್ತು ವರ್ಷ ದಾಟಿತು. ಅವರಲ್ಲಿ ಎಷ್ಟೋ ಜನ ಇನ್ನೂ ಕಾಫಿ ತೋಟದ ಲೈನ್ ಮನೆಗಳಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಕಾಯುವುದು ಸಾಕೆಂದು ತಾವೇ ವಾಪಸ್ ಕಾಡಿಗೆ ಹೋಗಿ ಗುಡಿಸಲು ಹಾಕಿದವು. ಇದನ್ನು ಟಿಬೆಟಿಯನ್ನರ ಮೇಲೆ ಹೊರಿಸುವುದು ಅನ್ಯಾಯ, ಅವರೇನು ಕಿತ್ತುಕೊಂಡವರಲ್ಲ. ಆದರೆ ದೂರದಿಂದ ಬಂದವರಿಗೆ ಒಂದೇ ವರ್ಷದಲ್ಲಿ ಜಮೀನು ಹುಡುಕಿದ ಅದೇ ವ್ಯವಸ್ಥೆಗೆ ಕಾಡಿನವರಿಗೆ ಹುಡುಕಿಕೊಡಲು ಐವತ್ತು ವರ್ಷ ಸಾಲಲಿಲ್ಲ. ಕರ್ನಾಟಕದ ಆತಿಥ್ಯದ ಕಥೆ ಹೇಳುವಾಗ ಈ ಪುಟವನ್ನು ಹರಿದು ಹಾಕಬಾರದು.

ಈಗ ಕಾಗದದ ವಿಷಯ. ಇದು ಸ್ವಲ್ಪ ಸಿಕ್ಕು ಸಿಕ್ಕು, ಆದರೆ ಖಾಲಿಯಾಗುತ್ತಿರುವ ಮನೆಗಳ ಬೀಗ ಇಲ್ಲೇ ಇದೆ.

1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮ ಕಾನೂನಿನಲ್ಲಿ ನಿರಾಶ್ರಿತ ಅಂತ ಒಂದು ವರ್ಗವೇ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಪ್ರಕಾರವೂ, 2025ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯ ಪ್ರಕಾರವೂ ಟಿಬೆಟಿಯನ್ನರು ವಿದೇಶಿಯರು. ಹದಿನಾರು ತುಂಬಿದ ಮೇಲೆ ಆರ್‌ಸಿ ಅನ್ನುವ ನೋಂದಣಿ ಪತ್ರ ಮಾಡಿಸಬೇಕು, ಆಗಾಗ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ಎಷ್ಟೋ ವಿಮಾನ ನಿಲ್ದಾಣಗಳ ಕೌಂಟರ್‌ನಲ್ಲಿ ಅದು ಏನು ಅಂತಲೇ ಗೊತ್ತಿರುವುದಿಲ್ಲ. ಹೊಲ ಉಳುತ್ತಾರೆ, ಪಹಣಿಯಲ್ಲಿ ಹೆಸರಿಲ್ಲ, ಯಾಕೆಂದರೆ ಜಮೀನು ಗುತ್ತಿಗೆಯದ್ದು. ಪಹಣಿ ಇಲ್ಲದ ರೈತ ಬ್ಯಾಂಕಿಗೆ ಹೋದರೆ ಏನಾಗುತ್ತದೆ ಅಂತ ಯಾವ ಕನ್ನಡ ರೈತರಿಗೂ ಬಿಡಿಸಿ ಹೇಳಬೇಕಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ತಂದ ಟಿಬೆಟಿಯನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆ ಮಾಡಿಕೊಡಿ, ಸರ್ಕಾರದ ಯೋಜನೆಗಳ ಸವಲತ್ತು ಕೊಡಿ ಅಂತ ರಾಜ್ಯಗಳಿಗೆ ಹೇಳಿತು. ಇಪ್ಪತ್ತು ವರ್ಷ ಅಂದರೆ ಒಂದು ತೆಂಗಿನ ತೋಟ ಹಾಕಿ ಸರಿಯಾಗಿ ಫಲ ತಿನ್ನುವ ಹೊತ್ತು.

ಪೌರತ್ವದ ಲೆಕ್ಕ ಇನ್ನೂ ವಿಚಿತ್ರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು, ಅಪ್ಪ ಅಮ್ಮ ಯಾರೇ ಆಗಿರಲಿ. ಕಾನೂನು ಮೊದಲಿಂದ ಹೀಗೇ ಇತ್ತು. ಆದರೆ ಟಿಬೆಟಿಯನ್ನರಿಗೆ ಅದು ಅನ್ವಯಿಸುತ್ತದೆ ಅಂತ ದೆಹಲಿ ಹೈಕೋರ್ಟ್ ಹೇಳಿದ್ದು 2010ರಲ್ಲಿ, ಕರ್ನಾಟಕ ಹೈಕೋರ್ಟ್ ಹೇಳಿದ್ದು 2013ರಲ್ಲಿ. ಟಿಬೆಟ್‌ನಿಂದ ಬಂದ ಒಂದೇ ತಂದೆತಾಯಿಯ ಮಕ್ಕಳಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪ್ರಜೆ, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಒಂದೇ ಒಲೆಯ ಥುಕ್ಪಾ ಕುಡಿದು ಬೆಳೆದವರು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತ ಹೇಳಿತು. ಕೆಲವರು ಮತ ಹಾಕಿದರು. ಹಲವರು ಹಾಕಲಿಲ್ಲ.

ಪ್ರಜೆ ಅಂತ ಬರೆಸಿಕೊಳ್ಳಲು ಹಿಂಜರಿಕೆ ಯಾಕೆ? 2017ರಲ್ಲಿ ಕೇಂದ್ರ ಸರ್ಕಾರ ಇವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು, ಜೊತೆಗೆ ಷರತ್ತುಗಳನ್ನೂ ಹಾಕಿತು. ಆರ್‌ಸಿ, ಹಳದಿ ಪುಸ್ತಕ ಎರಡನ್ನೂ ಒಪ್ಪಿಸಬೇಕು. ನಿರಾಶ್ರಿತರಿಗೆ ಸಿಗುವ ಸವಲತ್ತು ಬಿಡಬೇಕು. ಕ್ಯಾಂಪಿನಲ್ಲಿ ವಾಸ ಮಾಡಬಾರದು. ಅಂದರೆ ಭಾರತೀಯನಾಗಬೇಕಾದರೆ ಭಾರತದಲ್ಲಿರುವ ತನ್ನ ಮನೆಯನ್ನೇ ಬಿಡಬೇಕು. ಅಮ್ಮ ಒಳಗೆ, ಮಗಳು ಹೊರಗೆ. ನಾವು ‘ಅವರು ನಮ್ಮ ಜೊತೆ ಬೆರೆಯೋದೇ ಇಲ್ಲ’ ಅಂತ ದೂರುತ್ತೇವೆ. ಬೆರೆತರೆ ಮನೆ ಹೋಗುವ ಹಾಗೆ ನಿಯಮ ಮಾಡಿಟ್ಟು ಹಾಗೆ ದೂರುವುದು ಯಾವ ನ್ಯಾಯ?

ಕ್ಯಾಂಪಿನ ಒಳಗೂ ಇದರ ಬಗ್ಗೆ ಒಮ್ಮತವಿಲ್ಲ, ಅದನ್ನೂ ಹೇಳಬೇಕು. ನಾವೆಲ್ಲ ಭಾರತದ ಪ್ರಜೆಗಳಾದರೆ ಟಿಬೆಟ್‌ನ ಪ್ರಶ್ನೆ ಎತ್ತುವವರು ಯಾರು ಅಂತ ಹಳಬರು ಕೇಳುತ್ತಾರೆ. ನಿರಾಶ್ರಿತ ಅನ್ನುವ ಹಣೆಪಟ್ಟಿಯೇ ಅವರ ಹೋರಾಟದ ಗುರುತು. ಬೆಂಗಳೂರಿನ ಕಂಪನಿಯ ಎಚ್‌ಆರ್ ಮುಂದೆ ಆರ್‌ಸಿ ಇಟ್ಟು ‘ಇದೇನು?’ ಅಂತ ಕೇಳಿಸಿಕೊಂಡ ಹುಡುಗಿಗೆ ಆ ಹೆಮ್ಮೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ಆದರೆ ನಾನು ಹುಡುಗಿಯ ಪಕ್ಷ. ತನ್ನತನವನ್ನು ಕಾಯುವ ಭಾರವನ್ನು ಇಪ್ಪತ್ತೆರಡು ವರ್ಷದವಳ ಸಂಬಳದ ಮೇಲೆ ಹೊರಿಸಬಾರದು.

ಹೀಗಾಗಿ ಹೊರಟಿದ್ದಾರೆ. 1990ರ ದಶಕದ ಮೊದಲಲ್ಲಿ ಅಮೆರಿಕ ಒಂದು ಸಾವಿರ ಟಿಬೆಟಿಯನ್ನರಿಗೆ ವೀಸಾ ಕೊಟ್ಟಿತು. ಅವರ ಹಿಂದೆ ಹೆಂಡತಿ, ಮಕ್ಕಳು, ತಮ್ಮಂದಿರು. ಟೊರೊಂಟೊದ ಪಾರ್ಕ್‌ಡೇಲ್‌ನಲ್ಲಿ ಮೊಮೊ ಅಂಗಡಿಗಳ ಸಾಲನ್ನು ಲಿಟಲ್ ಟಿಬೆಟ್ ಅಂತಲೇ ಕರೆಯುತ್ತಾರೆ. 2009ರಲ್ಲಿ ಧರ್ಮಶಾಲಾದಲ್ಲಿರುವ ಟಿಬೆಟಿಯನ್ನರದೇ ಆಡಳಿತ ಮಾಡಿದ ಎಣಿಕೆಯಲ್ಲಿ ಭಾರತದಲ್ಲಿದ್ದವರು ಸುಮಾರು 94 ಸಾವಿರ. ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಇದೆ. ಹೊಸಬರು ಬರುವುದೂ ನಿಂತಿದೆ. 2008ರಲ್ಲಿ ಟಿಬೆಟ್‌ನಲ್ಲಿ ದಂಗೆಯಾಗುವ ಮುಂಚೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹಿಮಾಲಯ ದಾಟಿ ಬರುತ್ತಿದ್ದರು. ಆಮೇಲೆ ಚೀನಾ ಗಡಿ ಬಿಗಿ ಮಾಡಿತು. ಈಗ ಬರುವವರು ಬೆರಳೆಣಿಕೆ.

ವಾರಾಂತ್ಯದ ಪ್ರವಾಸಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಮಠಗಳು ತುಂಬಿವೆ. ಆದರೆ ಆ ಕೆಂಪು ಬಟ್ಟೆಯ ಹುಡುಗರನ್ನು ಯಾವ ಊರು ಅಂತ ಕೇಳಿ ನೋಡಿ. ಲಡಾಖ್, ತವಾಂಗ್, ಸಿಕ್ಕಿಂ, ನೇಪಾಳ, ಭೂತಾನ್ ಅನ್ನುತ್ತಾರೆ. ಇವರಲ್ಲಿ ಹಲವರ ಜೇಬಿನಲ್ಲಿ ಭಾರತದ ವೋಟರ್ ಕಾರ್ಡ್ ಇದೆ. ಇವರಿಗೆ ಹಿಂದಿ ಬರುತ್ತದೆ, ಕನ್ನಡ ಬೇಕಾಗಿಲ್ಲ. ಹೊಲ ಇಲ್ಲ, ಸ್ವೆಟರ್ ಇಲ್ಲ. ಪಕ್ಕದ ಊರಿನ ಜೊತೆ ಕೊಡುಕೊಳ್ಳುವುದಕ್ಕೆ ಮಠದ ಗೇಟಿನ ಹೊರಗಿನ ಜ್ಯೂಸ್ ಅಂಗಡಿ ಮಾತ್ರ. 2025ರ ಜನವರಿಯಲ್ಲಿ ದಲೈ ಲಾಮಾ ಬಂದು ತಾಶಿ ಲ್ಹುನ್ಪೊ ಮಠದಲ್ಲಿ ವಾರಗಟ್ಟಲೆ ಉಳಿದಾಗ ಕ್ಯಾಂಪ್ ಮತ್ತೆ ಗಿಜಿಗುಟ್ಟಿತು. ಅದೇ ಜುಲೈಗೆ ಅವರಿಗೆ ತೊಂಬತ್ತು ತುಂಬಿತು.

ಹೊಲಗಳ ಕಥೆಯೂ ಬದಲಾಗಿದೆ. ಮಕ್ಕಳು ಹೋದ ಮನೆಗಳ ಹೊಲವನ್ನು ಸುತ್ತಲ ಊರಿನವರು ಮಾಡುತ್ತಾರೆ, ಬೆಳೆಯಲ್ಲಿ ಪಾಲು ಅಥವಾ ವರ್ಷಕ್ಕಿಷ್ಟು ದುಡ್ಡು. ಅಪ್ಪ ಕೂಲಿ ಮಾಡಿದ ಹೊಲದಲ್ಲಿ ಮಗ ಬೆಳೆ ತೆಗೆಯುತ್ತಿದ್ದಾನೆ. ಎಲ್ಲ ಬಾಯಿ ಮಾತಿನ ಮೇಲೆ. ಗುತ್ತಿಗೆಯ ಜಮೀನಿನ ಒಳಗುತ್ತಿಗೆ. ನಾಳೆ ಒಂದು ತಕರಾರು ಎದ್ದರೆ ಇಬ್ಬರ ಹತ್ತಿರವೂ ತೋರಿಸಲು ಕಾಗದವಿಲ್ಲ.

ಕೊಪ್ಪದ ಹತ್ತಿರದ ಊರಿನ ಒಬ್ಬರು ನಮ್ಮ ಮನೆಯವರಿಗೆ ಪರಿಚಯ. ಇಪ್ಪತ್ತಾರು ವರ್ಷ ಒಂದೇ ಟಿಬೆಟಿಯನ್ ಮನೆಯಲ್ಲಿ ಕೆಲಸ ಮಾಡಿದರು. ಆ ಮನೆಯ ಅಜ್ಜಿಯನ್ನು ಮಗ ಎರಡು ವರ್ಷದ ಹಿಂದೆ ಕೆನಡಾಕ್ಕೆ ಕರೆಸಿಕೊಂಡ. ಮನೆಯ ಬೀಗದ ಕೈ ಈಗ ಇವರ ಸೆರಗಿನ ಗಂಟಿನಲ್ಲಿದೆ. ದಿನಾ ಬೆಳಿಗ್ಗೆ ಹೋಗಿ ಬಾಗಿಲು ತೆಗೆದು, ಕಸ ಗುಡಿಸಿ, ದೇವರ ಕೋಣೆಯಲ್ಲಿ ಏಳು ಬಟ್ಟಲುಗಳಿಗೆ ನೀರು ತುಂಬುತ್ತಾರೆ. ಸಾಯಂಕಾಲ ಹೋಗಿ ಚೆಲ್ಲಿ, ಒರೆಸಿ, ಮಗುಚಿ ಇಡುತ್ತಾರೆ. ಎಡದಿಂದ ಬಲಕ್ಕೇ ತುಂಬಬೇಕು, ನೀರು ತುಳುಕಬಾರದು, ಬಟ್ಟಲು ಬಟ್ಟಲಿಗೂ ನಡುವೆ ಒಂದು ಬಾರ್ಲಿ ಕಾಳಿನಷ್ಟು ಜಾಗ ಇರಬೇಕು. ತಾಗಿಸಿ ಇಡಬಾರದು, ದೂರ ಮಾಡಿಯೂ ಇಡಬಾರದು. ಆಮೇಲೆ ಅಲ್ಲಿಂದಲೇ ತಮ್ಮ ಮನೆಗೆ ಹೋಗಿ ತುಳಸಿಗೂ ನೀರು ಹಾಕುತ್ತಾರೆ.

ಹೋದ ತಿಂಗಳು ನಾನು ಅಲ್ಲಿದ್ದಾಗ ಅಜ್ಜಿಯ ವಿಡಿಯೋ ಕಾಲ್ ಬಂತು. ಅಲ್ಲಿ ರಾತ್ರಿ. ಇವರು ಫೋನ್ ತಿರುಗಿಸಿ ಬಟ್ಟಲುಗಳನ್ನು ತೋರಿಸಿದರು. ಇಬ್ಬರ ಮಾತೂ ಅರ್ಧ ಟಿಬೆಟನ್, ಅರ್ಧ ಕನ್ನಡ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು, ‘ಏ, ಮೂರನೇದು ತಾಗ್ತಾ ಇದೆ ನೋಡು.’ ಇವರು ‘ಇಲ್ಲ ಅಮಾ-ಲಾ, ಫೋನ್‌ನಲ್ಲಿ ಹಂಗೆ ಕಾಣ್ತದೆ’ ಅಂದರು. ಅಜ್ಜಿ ಒಪ್ಪಲಿಲ್ಲ. ಬಾರ್ಲಿ ಮುಗಿದು ಎಷ್ಟೋ ದಿನವಾಗಿತ್ತಂತೆ. ಇವರು ಅಡುಗೆಮನೆಯಿಂದ ಒಂದು ಅಕ್ಕಿ ಕಾಳು ತಂದು ಎರಡು ಬಟ್ಟಲುಗಳ ನಡುವೆ ಇಟ್ಟು, ಫೋನ್ ಹತ್ತಿರ ಹಿಡಿದು ತೋರಿಸಿದರು.